ಸೆಲ್ಲು ಸಾಯುವ ಮುಂಚೆ

೧೨ ಮಾರ್ಚ್ ೨೦೦೩, ಬುಧವಾರ

ಕ್ಯಾಮೆರಾದ ಸೆಲ್ಲಿನ ಗುರುತು ಸಂಜೆಯಿಂದ ಮಿಣುಕುತ್ತಿದೆ. ಸೆಲ್ಲು ಸತ್ತರೆ ಒಳಗಿನ ಫೋಟೊಗಳೆಲ್ಲ ಅಳಿಸಿಹೋಗುತ್ತವೆ, ಬದಲಾಯಿಸಲು ತೆಗೆದರೂ ಅಷ್ಟೇ. ಅಗ್ಗದ ಮಾಲು ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಅವನ ಕಂಪ್ಯೂಟರಿಗೆ ಹಾಕಿಸಬೇಕೆಂದರೆ ಬೆಳಗಾಗಬೇಕು.

ನಾಳೆ ಅಮ್ಮನ ಹಲ್ಲೆಲ್ಲ ಕೀಳಿಸುವುದಿದೆ. ಉಬ್ಬುಹಲ್ಲೆಂದು ಜನ್ಮವಿಡೀ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕವಳು. ಇವತ್ತು ಫೋಟೊಕ್ಕೂ ಹಾಗೇ ಕೂತಳು. ನಾನು ಗುಂಡಿ ಒತ್ತಿದೆ. "ಆಯ್ತಲ್ಲ, ಪೀಡೆ ಕಳೀತು" ಎಂದು ಕೈ ತೆಗೆದು ಬಾಯಿ ತುಂಬ ನಕ್ಕಳು. ಆಗ ಟಿಕ್ ಅಂದಿತು. ಈ ಕ್ಯಾಮೆರಾ ಯಾವಾಗಲೂ ಒಂದು ಉಸಿರು ತಡ.

ಆ ನಗು ಸರಿಯಾಗಿ ಬಿದ್ದಿದೆಯೋ ಇಲ್ಲವೋ, ನೋಡಲು ಇದಕ್ಕೆ ಪರದೆಯೂ ಇಲ್ಲ. ಎದ್ದೆದ್ದು ಆ ಮಿಣುಕನ್ನೇ ನೋಡುತ್ತಿದ್ದೇನೆ. ಮುಟ್ಟಿದರೆ ಸೆಲ್ಲು ಇನ್ನೂ ಬೇಗ ತೀರುತ್ತದೇನೋ ಎಂದು ಮುಟ್ಟುವುದಕ್ಕೂ ಭಯ. ಕಣ್ಣು ಉರಿಯುತ್ತಿದೆ.

"ದೀಪ ಆರ್ಸೇ ಮಾರಾಯ್ತಿ," ಒಳಗಿನಿಂದ ಅಮ್ಮ. "ನನ್ನ ಹಲ್ಲೇನು ರಾತ್ರೋರಾತ್ರಿ ಓಡ್ಹೋಗಲ್ಲ."

ಕೈ ಅಡ್ಡವಿಲ್ಲದ ಫೋಟೊ ಇದೆಯೆಂದು ಅವಳಿಗೆ ಹೇಳಿಲ್ಲ. ಹೇಳಿದರೆ ಅಳಿಸು ಅನ್ನುತ್ತಾಳೆ. ಅಳಿಸುವುದಕ್ಕೆ ಈ ಸೆಲ್ಲೊಂದೇ ಸಾಕು.

ದೀಪ ಆರಿಸುತ್ತೇನೆ. ಕ್ಯಾಮೆರಾ ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ, ಇನ್ನೂ ಮಿಣುಕುತ್ತಿದೆ, ಬೆಳಗಿನತನಕ ಹೀಗೇ ಇರಲಿ.