ಉಬ್ಬಿದ ಗೋಡೆ

ಜೂನ್ ೧೪, ಶನಿವಾರ. ದಿನವಿಡೀ ಬಿಸಿಲು, ಗಾಳಿಯಿಲ್ಲ.

ಕಣ್ಣಿನ ಆಪರೇಷನ್ನಿಗೆಂದು ನಾನು ಸೇಂಟ್ ಜಾನ್ಸ್ ಪಟ್ಟಣದಲ್ಲಿದ್ದಾಗ ತಮ್ಮ ಸೆಲ್ವಿನ್ ನನ್ನ ಮನೆಯ ಹೊರಗೋಡೆಯ ಮರದ ಹಲಗೆಗಳನ್ನೆಲ್ಲ ಕಿತ್ತು, ಬಿಳಿ ಪ್ಲಾಸ್ಟಿಕ್ ಪಟ್ಟಿ ಹೊಡೆದುಬಿಟ್ಟಿದ್ದಾನೆ. ಉಡುಗೊರೆಯಂತೆ. ದೋಣಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅಪ್ಪ ಆ ಹಲಗೆಗಳಿಗೆ ಬಳಿಯುತ್ತಿದ್ದರು. ಅವರು ಹೋದ ಮೇಲೆ ನಾನು.

ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ಮೊಳೆಯನ್ನು ತುಸು ಸಡಿಲ ಬಿಡಬೇಕು. ದೋಣಿ ಕಟ್ಟುವ ಸೆಲ್ವಿನ್ ದೋಣಿಗೆ ಬಡಿದಂತೆಯೇ ಬಿಗಿಯಾಗಿ ಬಡಿದಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಗೋಡೆ ಅಲೆ ಅಲೆಯಾಗಿ ಉಬ್ಬಿತು.

"ನಿನ್ ಮನೆ ಬಸುರಿಯಾಗಿದ್ಯಲ್ಲೇ ಎಡ್ನಾ!" ಎಂದು ಪಕ್ಕದ ಮನೆಯ ಮೈಡಾ ಬೇಲಿಯಾಚೆಯಿಂದ ಕೂಗಿದಳು.

ಸೆಲ್ವಿನ್ ಬಂದು ನೋಡಿದ. "ಒಂದ್ ಹನಿ ನೀರು ಒಳಗ್ ಬರಲ್ಲ ಅಕ್ಕಾ."

"ಮನೆ ತೇಲಬೇಕಾಗಿಲ್ಲ ಕಣೋ. ಹಳೇ ಹಲಗೆ ಎಲ್ಲಿ?"

"ಲಡ್ಡಾಗಿತ್ತು, ಅರ್ಧ ಒಲೆಗ್ ಹಾಕ್ದೆ. ಒಂದ್ ಥ್ಯಾಂಕ್ಸ್ ಆದ್ರೂ ಹೇಳ್ಬಾರ್ದಾ?"

ಹೇಳಿದೆ.

ಉಳಿದರ್ಧ ಅವನ ದೋಣಿ ಕೊಟ್ಟಿಗೆಯ ಹಿಂದಿದೆ, ನೋಡಿ ಬಂದೆ. ಲಡ್ಡಾಗಿಲ್ಲ, ಮರ ಗಟ್ಟಿಯಾಗಿಯೇ ಇದೆ. ಸೋಮವಾರ ಅವನು ಏಡಿ ಹಿಡಿಯಲು ಸಮುದ್ರಕ್ಕೆ ಹೋಗುತ್ತಾನೆ. ಅಂದು ದಕ್ಷಿಣದ ಗೋಡೆಯ ಪಟ್ಟಿಗಳನ್ನು ನಾನೇ ಕಿತ್ತು, ಆ ಹಲಗೆಗಳನ್ನು ಮತ್ತೆ ಬಡಿಯುತ್ತೇನೆ. ಅವನನ್ನು ಕೇಳುವುದಿಲ್ಲ.