ಬಾತುಮೊಟ್ಟೆ ಖರ್ಚಾಗದ ಆಟ

ಏಪ್ರಿಲ್ 20, ಸಂಜೆ

ಬಿಲಿಯರ್ಡ್ಸ್ ಟೇಬಲ್ ಒರೆಸಿದೆ. ಕೋಲಿನ ತುದಿಗೆ ಸವರುವ ಚಾಕ್ ಇಟ್ಟೆ. ಇವತ್ತು ಎಂಟು ಚೆಂಡಿನ ಆಟ. ಊರ ಹಬ್ಬಕ್ಕೆ ಯಾವ ಆಟ ಇಟ್ಟರೆ ಜನ ಏಳದೆ ಕೂರುತ್ತಾರೆ ಅಂತ ಮಾಲೀಕ ಕಾ ದೋರೊ ಒಂದೊಂದನ್ನೇ ಆಡಿಸಿ ನೋಡುತ್ತಿದ್ದಾನೆ. ಜನ ಬರದಿದ್ದರೆ ಟೇಬಲ್ ಮಾರಿ ಹಾಡುವ ಕರೋಕೆ ಯಂತ್ರ ಇಡುತ್ತಾನಂತೆ. ಅಪ್ಪ, ನಾನು ಮಲಗುವುದು ಇದೇ ಟೇಬಲಿನ ಹಿಂದಿನ ಕೋಣೆಯಲ್ಲಿ...

ಯಾವ ಚೆಂಡು ಯಾರದು ಅಂತ ಕೇಳುತ್ತಲೇ ಅರ್ಧ ಜನ ಹೊರಟರು. ಬಾತುಮೊಟ್ಟೆ ಮಾರುವ ಸಬೆಲ್ ಅಕ್ಕನ ಬುಟ್ಟಿ ಖಾಲಿ. ನನ್ನ ಹೆಸರು ಹಿಡಿದು ಕೂಗಿದಳು: "ನಿಂಗ್, ಇದೇ ಆಟ ಇರ್ಲಿ ಕಣೇ. ಬೇಜಾರಾದೋರು ಚೆನ್ನಾಗಿ ತಿಂತಾರೆ."

ಏಪ್ರಿಲ್ 22

ಹದಿನೈದು ಚೆಂಡಿನ ರೊಟೇಷನ್ ಆಟ, ಬಿದ್ದ ಚೆಂಡಿನ ಅಂಕಿಯಷ್ಟು ಅಂಕ. ಮುದುಕರು ತಂತಿಯ ಮಣಿ ಸರಿಸಿ ಅಂಕ ಕೂಡಿಸುತ್ತಾ ಕೂತರು. ಹುಡುಗರು ಎದ್ದು ಹೋದರು. ನನಗೆ ಇಷ್ಟದ ಆಟ. ಉದ್ದ. ಎಲ್ಲರ ಕಣ್ಣು ಮಣಿಗಳ ಮೇಲೆ, ಆಡುವ ನಮ್ಮ ಮೇಲಲ್ಲ.

ಏಪ್ರಿಲ್ 23

ಒಬ್ಬೊಬ್ಬರಿಗೆ ಒಂದೇ ತೂತಿನ ಆಟ. ಹೊಡೆಯುವುದಕ್ಕಿಂತ ಎದುರಿನವನಿಗೆ ಸಿಗದಂತೆ ಚೆಂಡು ಬಚ್ಚಿಡುವುದೇ ಹೆಚ್ಚು. ಒಬ್ಬ ಗೊರಕೆ ಹೊಡೆದ.

ಏಪ್ರಿಲ್ 24

ಒಂಬತ್ತು ಚೆಂಡು. ಚಿಕ್ಕ ಅಂಕಿಯ ಚೆಂಡಿಗೇ ಮೊದಲು ತಾಗಿಸಬೇಕು. ಆದರೆ ಒಂಬತ್ತು ಯಾವಾಗ ಬಿದ್ದರೂ ಆಟ ಮುಗಿಯಿತು, ಬೀಳಿಸಿದವರೇ ಗೆದ್ದಂತೆ. ಯಾರೂ ಅಲ್ಲಾಡಲಿಲ್ಲ. ಸಬೆಲ್ ಅಕ್ಕ ತುಂಬಿದ ಬುಟ್ಟಿ ಹೊತ್ತು ಬೈಯುತ್ತಾ ಹೋದಳು.

ಕಾ ದೋರೊ ಕುಣಿದ. "ಇದೇ! ಎದುರು ಹಾಲ್‌ನಿಂದ ನೋನೊಯ್. ನಮ್ ಕಡೆಯಿಂದ ನಿಂಗ್. ಹುಡುಗಿ ಅಂದ್ರೆ ಊರೇ ಬರುತ್ತೆ. ಇವಳು ಗೆದ್ರೆ ಟೇಬಲ್ ಇಲ್ಲೇ ಇರುತ್ತೆ. ಸೋತ್ರೆ ಜನ ಅಲ್ಲಿಗೇ ಹೋಗ್ತಾರೆ, ಟೇಬಲ್ ನನಗ್ಯಾಕೆ?"

ಅಪ್ಪ ಹೂಂ ಅಂದ. ನನ್ನ ಕೇಳಲಿಲ್ಲ.

ಏಪ್ರಿಲ್ 25

"ಕೊನೆ ಚೆಂಡು ಬಿಟ್ಕೊಡೋ ಹಾಗಿಲ್ಲ," ಅಂದ ಕಾ ದೋರೊ. "ಜನ ಕೂತಿರೋದೇ ಅದಕ್ಕೆ."

ನಮ್ಮಲ್ಲಿ ಸುಲಭದ ಕೊನೆ ಚೆಂಡು ಹೊಡೆಸುವುದಿಲ್ಲ. ಎದುರಿನವನು ಕೋಲು ಮಲಗಿಸಿ "ನಿಂದೇ" ಅಂತಾನೆ. ಅದು ಮರ್ಯಾದೆ. ಈಗ ಹೊಳೆಯಿತು — ಅಂಥ ಚೆಂಡನ್ನು ಜನರ ಮುಂದೆ ನಾನು ಹೊಡೆದೇ ಇಲ್ಲ. ಯಾವತ್ತೂ.

ಮೇ 2

ಕೊನೆ ಚೆಂಡಿನ ಅಭ್ಯಾಸ. ಒಬ್ಬಳೇ ಇದ್ದರೆ ಬೀಳುತ್ತದೆ. ಅಪ್ಪ ನಿಂತರೂ ಬೀಳುತ್ತದೆ. ಸಬೆಲ್ ಅಕ್ಕ ಬಾಗಿಲಲ್ಲಿ ಇಣುಕಿದಳು... ತಪ್ಪಿತು.

"ನನ್ ಮುಖ ಅಷ್ಟು ಕೆಟ್ಟದಾಗಿದ್ಯೇನೇ?"

ಚೆಂಡನ್ನು ಮತ್ತೆ ಅಲ್ಲೇ ಇಟ್ಟೆ.

ಮೇ 14, ಹಬ್ಬ

ಟೇಬಲ್ ಎರಡು ಸಲ ಒರೆಸಿದೆ.

ಅದೇ ದಿನ, ಮಧ್ಯಾಹ್ನ

ಇಬ್ಬರೂ ಸಮ ಸಮ. ಇದೇ ಕೊನೆ ಆಟ. ಒಂಬತ್ತು ಒಂದೇ ಉಳಿದಿದೆ, ತೂತಿನ ಬಾಯಲ್ಲಿ. ಸರದಿ ನನ್ನದು. ನೋನೊಯ್ ರೂಢಿಯಂತೆ ಕೋಲು ಮಲಗಿಸಿಬಿಟ್ಟ. "ನಿಂದೇ, ತಂಗಿ." ನನಗೆ ಜೀವ ಬಂತು.

ಜನ ಬಿಡಲಿಲ್ಲ. "ಏಯ್, ಹೊಡೀಲಿ! ನಾವೇನ್ ಗೋಡೆ ನೋಡೋಕ್ ಬಂದಿದೀವಾ?"

ಕಾ ದೋರೊ ಆ ಕೋಲೆತ್ತಿ ಮತ್ತೆ ನೋನೊಯ್ ಕೈಗಿಟ್ಟ. ವಾದ ನಡೆದಿದೆ. ನಾನು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ, ತಲೆ ಎತ್ತದೆ ಇರೋದಕ್ಕೆ.

ವಾದ ನಿಂತಿತು. ನೋನೊಯ್ ಬಗ್ಗಿ ಅಂದ, "ಹೊಡೀಲೇಬೇಕಂತೆ. ನನ್ನ ಬೈಕೋಬೇಡ."

ಅಪ್ಪ ಗೋಡೆ ಕಡೆ ತಿರುಗಿ ನಿಂತಿದ್ದಾನೆ. ಸಬೆಲ್ ಅಕ್ಕನ ಬುಟ್ಟಿ ತುಂಬಿದೆ. ಯಾರೂ ತಿನ್ನುತ್ತಿಲ್ಲ. ಹೊಡೆಯಲು ಏಳಬೇಕು. ಚಾಕ್ ಎಲ್ಲಿ—