ಎಪ್ಪತ್ತಕ್ಕೆ ಇನ್ನೂ ಏಳು

ಮೇ 19, ಸೋಮವಾರ. ಬೆಳಿಗ್ಗೆ 6.10

77.1.

ತೂಕದ ಮೆಷಿನ್ ಜಾಗ ಬದಲಿಸಿ ನೋಡಿದೆ. ಬಚ್ಚಲ ಮುಂದೆ 77.1. ಅಡುಗೆಮನೆ ಕಲ್ಲಿನ ಮೇಲೂ ಅಷ್ಟೇ. ಬಳೆ ಬಿಚ್ಚಿಟ್ಟು ನಿಂತೆ. 77.

ಟೂರ್ ಹೊರಟ ದಿನ 73.4 ಇತ್ತು. ಒಂಬತ್ತು ದಿನ—ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ. ಗೋಳಿಬಜೆ, ಕಾಶಿ ಹಲ್ವ, ದಿನಕ್ಕೊಂದು ಗಡ್‌ಬಡ್ ಐಸ್‌ಕ್ರೀಮ್. ಯಾರೂ ಬಾಯಿಗೆ ತುರುಕಲಿಲ್ಲ. ನಾನೇ ತಿಂದೆ. ಖುಷಿಯಾಗಿಯೇ ತಿಂದೆ, ಸುಳ್ಳೇಕೆ. ಸಮುದ್ರ ನೋಡುತ್ತ ತಿಂದದ್ದು ಮೈಗೆ ಹತ್ತುವುದಿಲ್ಲ ಅನ್ನಿಸಿತ್ತು.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ನನ್ನ ತಮ್ಮ ಶಾಂತಮೂರ್ತಿ ಮಾಡಿಸಿಕೊಟ್ಟ ಟೂರ್. ಬೇಡ, ಆಮೇಲೆ ಹೋಗೋಣ ಎಂದರೆ ಕೇಳಲಿಲ್ಲ. ಟಿಕೆಟ್ ತಂದು ಕೈಗಿಟ್ಟ.

ಮೈಸೂರಿನ ಡಾಕ್ಟರು ಹೇಳಿರುವುದು 70. ಎಪ್ಪತ್ತರ ಒಳಗೆ ಬಂದರೆ ಮಾತ್ರ ನನ್ನ ಕಿಡ್ನಿ ತೆಗೆದು ಶಾಂತನಿಗೆ ಹಾಕುತ್ತಾರೆ. ಬ್ಲಡ್ ಗ್ರೂಪ್ ಸೇರುತ್ತದೆ. ಮಿಕ್ಕ ಟೆಸ್ಟೆಲ್ಲ ಪಾಸು. ಅವನ ಹೆಂಡತಿ ಶೃತಿಗೆ ಶುಗರ್, ಅವಳದ್ದು ಆಗುವುದಿಲ್ಲ. ಉಳಿದವಳು ನಾನು. ಹೋದ ಅಕ್ಟೋಬರಿನಲ್ಲಿ 84 ಇದ್ದೆ. ಏಳು ತಿಂಗಳು ಉಸಿರು ಬಿಗಿಹಿಡಿದು ಇಳಿಸಿದ್ದು…

ಇವರು ಪೇಪರಿನಿಂದ ತಲೆ ಎತ್ತದೆ, "84 ಇದ್ದೋಳು ಇಳಿಸ್ಲಿಲ್ವಾ. 77 ಏನ್ ಮಹಾ" ಎಂದರು. ಇವರು ಗುರುಪಾದಸ್ವಾಮಿ ಮೇಷ್ಟ್ರು, ಇವರ ಗಣಿತವೇ ಹೀಗೆ. ಆದರೂ ಹಿತವಾಯಿತು.

ಇವತ್ತು ಪೂರ್ತಿ ಉಪವಾಸ. ನೋಡೇ ಬಿಡೋಣ.

ಮೇ 20, ಮಂಗಳವಾರ

ಉಪವಾಸ ಸಂಜೆ ಐದರವರೆಗೆ ನಡೆಯಿತು. ಐದಕ್ಕೆ ನಿಪ್ಪಟ್ಟಿನ ಡಬ್ಬದ ಮುಂದೆ ನಿಂತಿದ್ದೆ. ಮನೆಯಲ್ಲೇ ನಿಪ್ಪಟ್ಟು, ಕಜ್ಜಾಯ, ಚಟ್ನಿಪುಡಿ ಮಾಡಿ ಮಾರುವವಳಿಗೆ ದೇವರು ಇಂಥ ಪರೀಕ್ಷೆ ಇಡಬಾರದು. ಕೆಲಸಕ್ಕೆ ಬರುವ ರಂಗಮ್ಮ ಬಾಗಿಲಲ್ಲಿ ನಿಂತು ಎಣಿಸಿದ್ದಾಳೆ. ಒಂಬತ್ತಂತೆ. ಮಾರ್ಟಳ್ಳಿ ಕಡೆಯವಳು, ಸಿಟ್ಟು ಬಂದರೆ ತಮಿಳು ಮೊದಲು ಬರುತ್ತದೆ.

"ಪೋದುಂ ಅಕ್ಕಾ! ಸಾಕು! ಇನ್ನೂ ತಿಂದ್ರೆ ಆರ್ಡರ್‌ಗೆ ಏನ್ ಕಳ್ಸದು?"

ಡಬ್ಬ ಅಟ್ಟಕ್ಕೆ ಹೋಯಿತು. ಇನ್ನು ಮೇಲೆ ಉಪ್ಪು ಖಾರ ರುಚಿ ನೋಡುವುದು ಅವಳ ಕೆಲಸವಂತೆ. ಅವಳೇ ತೀರ್ಮಾನ ಮಾಡಿದಳು.

ಆಸ್ಪತ್ರೆಯ ಡಯಟಿಷಿಯನ್ ಮೋನಿಕಾಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಬೈಯಲಿಲ್ಲ. "ಅರ್ಧ ನೀರಿನ ತೂಕ ಮೇಡಂ, ವಾರದಲ್ಲಿ ಇಳಿಯುತ್ತೆ. ಉಪವಾಸ ಗಿಪವಾಸ ಬೇಡ. ಹೊಸದೇನೂ ಮಾಡ್ಬೇಡಿ. ಟೂರ್‌ಗೆ ಮುಂಚೆ ಏನ್ ಮಾಡ್ತಿದ್ರೋ ಅದನ್ನೇ ನಾಳೆ ಬೆಳಿಗ್ಗೆಯಿಂದ ಮಾಡಿ" ಎಂದಳು.

ಅಷ್ಟೇ. ಬೆಳಿಗ್ಗೆ ಮರಡಿಗುಡ್ಡ ಹತ್ತಿ ಇಳಿಯುವುದು. ಮಧ್ಯಾಹ್ನ ಒಂದೇ ಮುದ್ದೆ, ಕಿತ್ತಳೆ ಗಾತ್ರ, ಸೊಪ್ಪು ಜಾಸ್ತಿ. ಏಳಕ್ಕೆ ಊಟ ಮುಗಿಯಬೇಕು. ಇಷ್ಟಕ್ಕೆ ನಿನ್ನೆ ಅಷ್ಟು ಒದ್ದಾಡಿದೆ.

ಮೇ 26, ಸೋಮವಾರ. 6.00

75.7. ಮೋನಿಕಾ ಬಾಯಿಗೆ ಸಕ್ಕರೆ… ಸಕ್ಕರೆ ಬೇಡ. ಒಳ್ಳೆಯದಾಗಲಿ.

ಗುಡ್ಡದ ಮೆಟ್ಟಿಲಲ್ಲಿ ಎರಡು ಕಡೆ ನಿಂತೆ. ಟೂರ್‌ಗೆ ಮುಂಚೆ ಒಂದೇ ಕಡೆ ನಿಲ್ಲುತ್ತಿದ್ದೆ. ಇವರೂ ಜೊತೆಗೆ ಬಂದರು. ಮೇಲೆ ಕೂತು ಊರು ನೋಡಿದೆವು. ಕೆಳಗೆ ಯಾರದೋ ಮಗ್ಗದ ಸದ್ದು.

ಮೇ 31, ಶನಿವಾರ

ಶಾಂತನಿಗೆ ವಾರಕ್ಕೆ ಮೂರು ಡಯಾಲಿಸಿಸ್—ಮಂಗಳ, ಗುರು, ಶನಿ. ಅವನ ಊರು ಮಾಂಬಳ್ಳಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಇಲ್ಲಿನ ಆಸ್ಪತ್ರೆಗೆ ಬರುತ್ತಾನೆ. ಮುಗಿಸಿಕೊಂಡು ನಮ್ಮ ಮನೆಯಲ್ಲಿ ಎರಡು ಗಂಟೆ ಮಲಗಿ ಹೋಗುತ್ತಾನೆ. ಎರಡು ವರ್ಷದಿಂದ ಹೀಗೇ. ನಲವತ್ತೊಂದು ವಯಸ್ಸು. ಅರಿಶಿನದ ಹೊಲ ಬೇರೆಯವರು ನೋಡುತ್ತಿದ್ದಾರೆ.

ಇವತ್ತು ಕಾಲು ಕೆಜಿ ಜಿಲೇಬಿ ತಂದ. ಬಿಸಿ. ತೂಕ ಹೆಚ್ಚಿದ್ದು ಅವನಿಗೆ ಗೊತ್ತು. ಮೊದಲ ದಿನವೇ ಹೇಳಿದ್ದೆ, ಅಳು ಬಂದಿತ್ತು ಹೇಳುವಾಗ. ಅವನು ನಕ್ಕಿದ್ದ.

"ನಾನಂತೂ ತಿನ್ನಂಗಿಲ್ಲ. ನೀನ್ ತಿನ್ನೋದ್ ನೋಡ್ತೀನಿ ಕಣಕ್ಕಾ. ತಿನ್ನು."

ಹೇಗೆ ಬೇಡ ಎನ್ನುವುದು? ಎರಡು ತಿಂದೆ. ನೋಡುತ್ತ ಕೂತಿದ್ದ, ಅವನೇ ತಿಂದವನ ಹಾಗೆ.

ಜೂನ್ 24, ಮಂಗಳವಾರ

ಮೂರು ವಾರ ಬರೆದಿಲ್ಲ. ಬರೆಯಲು ಮುಖವಿರಲಿಲ್ಲ.

76.2.

ಗುಡ್ಡ ತಪ್ಪಿಸಿಲ್ಲ. ಮುದ್ದೆ ಒಂದೇ. ರಂಗಮ್ಮನ ಕಾವಲು ಭದ್ರ. ಆದರೆ ವಾರಕ್ಕೆ ಮೂರು ದಿನ ಶಾಂತ ಏನಾದರೂ ಹಿಡಿದು ಬರುತ್ತಾನೆ. ಮೈಸೂರುಪಾಕು, ದಂರೋಟು, ಹೋದ ವಾರ ತುಪ್ಪದ ದೋಸೆ ಕಟ್ಟಿಸಿ ತಂದ. ಅವನ ಮುಖ ನೋಡಿ ತಿನ್ನುತ್ತೇನೆ. ಅವನಿಗಾಗಿ ಇಳಿಸಬೇಕು, ಅವನಿಗಾಗಿಯೇ ತಿನ್ನಬೇಕು. ನಡುವೆ ನಾನು ನುಗ್ಗಾಗಿದ್ದೇನೆ.

ಸಂಜೆ ಶೃತಿ ಫೋನು. ದನಿ ಇಳಿಸಿ ಮಾತಾಡಿದಳು.

"ಅತ್ಗೆ, ನಾನ್ ಯೋಳ್ದೆ ಅಂತ ಅವ್ರಿಗೆ ಯೋಳ್ಬೇಡಿ. ಅವ್ರು ಬೇಕೂಂತ್ಲೇ ತತ್ತಾವ್ರೆ. ನೀವು ಎಪ್ಪತ್ತಕ್ಕೆ ಇಳೀಬಾರ್ದು ಅಂತ."

"ಏನಂದೆ?"

"ಟೂರ್‌ಗೆ ಕಳ್ಸಿದ್ದೂ ಅದ್ಕೇ. ಓಗಿ ಚೆನ್ನಾಗ್ ತಿಂದ್ ಬರ್ಲಿ ಅಂತಿದ್ರು. ನಂಗೆ ತಡಕೊಳಕ್ಕಾಗ್ಲಿಲ್ಲ ಅತ್ಗೆ…"

ಅತ್ತಳು. ಅವಳಿಗೆ ಗಂಡ ಬೇಕು. ಎಷ್ಟು ದಿನ ಒಳಗಿಟ್ಟುಕೊಂಡಿದ್ದಳೋ.

ನನಗೆ ಮೊದಲು ಸಿಟ್ಟು. ಆಮೇಲೆ ಏನೋ ಬೇರೆ. ಇವರಿಗೆ ಹೇಳಿದೆ. ಕನ್ನಡಕ ತೆಗೆದಿಟ್ಟು, "ಅವನ ಜಾಗದಲ್ಲಿ ನಾನಿದ್ದಿದ್ರೂ ಹೆದರ್ತಿದ್ದೆ" ಎಂದರು.

ಜೂನ್ 26, ಗುರುವಾರ. ಮಧ್ಯಾಹ್ನ 1.00

ಶಾಂತನನ್ನು ಡಯಾಲಿಸಿಸ್ ಮೆಷಿನ್ನಿಗೆ ಹಾಕಿದ ಮೇಲೆ ಹೋದೆ. ನಾಲ್ಕು ಗಂಟೆ ಎದ್ದು ಓಡುವಂತಿಲ್ಲ. ಅದಕ್ಕೇ ಅಲ್ಲೇ ಕೇಳಿದೆ.

"ಟೂರ್‌ಗೆ ಯಾಕ್ ಕಳಿಸ್ದೆ? ನಿಜ ಹೇಳು."

"ಇಪ್ಪತ್ತೈದ್ ವರ್ಸ ಆಯ್ತಲ್ಲಾ ಅಂತ…"

"ಶಾಂತ."

ತಲೆ ಆ ಕಡೆ ತಿರುಗಿಸಿದ. ಕಾಣುತ್ತಿದ್ದುದು ಕಿವಿ ಮಾತ್ರ. ಅವ್ವ ತೀರಿಕೊಂಡಾಗ ಅವನಿಗೆ ಏಳು, ನನಗೆ ಹದಿಮೂರು. ಸುಳ್ಳು ಸಿಕ್ಕಿಬಿದ್ದಾಗ ಆಗಲೂ ಹೀಗೇ ತಿರುಗುತ್ತಿದ್ದ.

"ಎಪ್ಪತ್ತಕ್ಕೆ ಇಳಿದ್ರೆ ನಿನ್ನ ಕೊಯ್ತಾರೆ ಕಣಕ್ಕಾ. ಏನಾರ ಎಚ್ಚುಕಮ್ಮಿ ಆದ್ರೆ ಭಾವಂಗೆ ಏನ್ ಯೋಳ್ಲಿ ನಾನು? ಅವ್ವ ಓದ್ಮೇಲೆ ನನ್ ತಲೆ ಬಾಚ್ದೋಳು ನೀನು, ಇಸ್ಕೂಲಿಗೆ ಕಳಿಸ್ದೋಳು ನೀನು. ಇನ್ನೂ ಎಷ್ಟ್ ತಕಳ್ಳಿ ನಿನ್ನಿಂದ? ಬ್ಯಾಡ ಅಂದ್ರೆ ನೀ ಕೇಳಲ್ಲ. ತಿನ್ಸಿದ್ರೆ ತಾನೇ ನಿಂತೋಯ್ತದೆ ಅಂದ್ಕಂಡೆ."

ಪಕ್ಕದ ಬೆಡ್ಡಿನ ಅಜ್ಜ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಇರಲಿ.

ಅಳಬಾರದು ಅಂದುಕೊಂಡು ಹೋಗಿದ್ದೆ. ಅಳಲಿಲ್ಲ. ಹೇಳಬೇಕಾದ್ದನ್ನು ಹೇಳಿದೆ.

"ಲೇ, ಕೇಳಿಲ್ಲಿ. ಮೊದ್ಲು ನಿನಗೋಸ್ಕರಾನೇ ಇಳಿಸ್ದೆ, ನಿಜ. ಈಗ ನನಗೋಸ್ಕರಾನೂ ಹೌದು. ಗುಡ್ಡ ಹತ್ತೀನಿ. ನೆಲದ ಮೇಲೆ ಕೂತು ಕೈಯೂರದೆ ಏಳ್ತೀನಿ. ಮಂಡಿ ನೋವಿಲ್ಲ. ನಿನ್ನ ಜಿಲೇಬಿ ನನ್ನಿಂದ ಕಿತ್ಕೊಳ್ತಿರೋದು ಅದನ್ನ. ಕೊಡೋದು ಬಿಡೋದು ನನ್ನಿಷ್ಟ. ತಕೊಳ್ಳೋದು ಬಿಡೋದು ನಿನ್ನಿಷ್ಟ. ಬೇಡ ಅಂದ್ರೆ ಡಾಕ್ಟ್ರ ಮುಂದೆ ಬಾಯ್ಬಿಟ್ಟು ಬೇಡ ಅನ್ನು. ನನಗೆ ತಿನ್ನಿಸಿ ಮೋಸ ಮಾಡ್ಬೇಡ."

ತಲೆ ಈ ಕಡೆ ತಿರುಗಿಸಿ, "ಡಾಕ್ಟ್ರುನ್ನೇ ಕೇಳ್ತೀನಿ ಹಂಗಾದ್ರೆ" ಎಂದ.

"ಕೇಳು."

ಹೊರಗೆ ಬಂದು ಬೇವಿನ ಮರದಡಿ ಕೂತೆ. ಆಗ ಸ್ವಲ್ಪ ಅತ್ತೆ. ಕೆಟ್ಟ ಅಳುವಲ್ಲ. ನನ್ನ ತಮ್ಮ ನನಗಾಗಿ ಸಾಯಲು ತಯಾರಾಗಿದ್ದಾನೆ, ಪೆದ್ದ.

ಜುಲೈ 14, ಸೋಮವಾರ

74.0.

ನಿನ್ನೆ ಹನೂರಿನಲ್ಲಿ ನಾಮಕರಣ. ಇವರ ಚಿಕ್ಕಪ್ಪ ಕೆಂಪನಂಜಪ್ಪನವರ ಮನೆ. ಎಲೆ ಮುಂದೆ ಕೂತರೆ ಪರೀಕ್ಷೆಗೆ ಕೂತಂತಿತ್ತು. ಒಂದು ಹೋಳಿಗೆ ಹಾಕಿಸಿಕೊಂಡೆ. ತುಪ್ಪವನ್ನೂ ಬೇಡ ಎನ್ನಲಿಲ್ಲ. ಚೂರು ಚೂರೇ ಮುರಿದು ತಿಂದೆ. ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ.

"ಯಾಕವ್ವ ಇಂಗ್ ಇಳ್ದೋಗಿದ್ದೀಯಾ, ಶುಗರ್ರಾ?" ಅಂದರು ಯಾರೋ. ಮೂರು ಜನ ಕೇಳಿದರು ಹೀಗೆ. ಇವರಿಗೆ ನಗು.

ಒಂದು ಹೋಳಿಗೆ ಇಷ್ಟು ರುಚಿ ಎಂದು ನಲವತ್ತೇಳು ವರ್ಷ ಗೊತ್ತೇ ಇರಲಿಲ್ಲ. ಮೂರು ತಿನ್ನುವಾಗ ಒಂದರ ರುಚಿಯೂ ನೋಡುತ್ತಿರಲಿಲ್ಲ, ನುಂಗುತ್ತಿದ್ದೆ.

ಶಾಂತ ಈಗ ಬರಿಗೈಲಿ ಬರುತ್ತಾನೆ. ಯೋಚನೆ ಮಾಡುತ್ತಿದ್ದಾನೆ.

ಆಗಸ್ಟ್ 8, ಶುಕ್ರವಾರ. ಸಂಜೆ

72.3. ಆದರೆ ಇವತ್ತಿನ ಸುದ್ದಿ ಅದಲ್ಲ.

ನಾವು ಮೂವರೂ ಮೈಸೂರಿಗೆ ಹೋಗಿದ್ದೆವು. ಶಾಂತ ಜೇಬಿನಿಂದ ಚೀಟಿ ತೆಗೆದ. ಪ್ರಶ್ನೆ ಬರೆದುಕೊಂಡು ಬಂದಿದ್ದ! ಹೈಸ್ಕೂಲಿನಲ್ಲಿ ಒಂದು ದಿನವೂ ಹೋಂವರ್ಕ್ ಬರೆದವನಲ್ಲ.

"ಒಂದೇ ಕಿಡ್ನೀಲಿ ನಮ್ಮಕ್ಕ ನೆಟ್ಟಗಿರ್ತಳಾ ಸಾ? ಸುಳ್ ಯೋಳ್ಬೇಡಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಹಳಷ್ಟು ಜನ ಮಾಮೂಲಾಗೇ ಬದುಕ್ತಾರೆ. ಅಪಾಯವೇ ಇಲ್ಲ ಅಂತ ಹೇಳಲ್ಲ, ಆಪರೇಷನ್ ಅಂದ್ಮೇಲೆ ಇದ್ದೇ ಇರುತ್ತೆ. ಆಮೇಲೆ ಬಿಪಿ ನೋಡ್ಕೋಬೇಕು, ವರ್ಷ ವರ್ಷ ಚೆಕಪ್. ತೂಕ ಮತ್ತೆ ಏರಿಸ್ಕೋಬಾರ್ದು. ಅದು ಜೀವಮಾನ ಪೂರ್ತಿ."

"ಅಂದ್ರೆ ಆಪ್ರೇಷನ್ ಆದ್ಮೇಲೂ ಅವ್ಳು ನಡೀತಾನೇ ಇರ್ಬೇಕು?"

"ನೀವೂ ನಡೀಬೇಕು."

ಚೀಟಿ ಮಡಿಸಿ ಜೇಬಿಗಿಟ್ಟ. ಇನ್ನೂ ಮೂರು ಪ್ರಶ್ನೆ ಇದ್ದವು, ಕೇಳಲಿಲ್ಲ. ವಾಪಸು ಬಸ್ಸಿನಲ್ಲಿ ನರಸೀಪುರ ದಾಟಿದ ಮೇಲೆ ಇವರ ಕಡೆ ಬಗ್ಗಿ, "ಭಾವ, ನೀವ್ ಒಪ್ಪೀರಾ ಮನ್ಸಾರೆ?" ಎಂದ. ಇವರು ಕಿಟಕಿ ನೋಡುತ್ತಲೇ ಅವನ ಮಂಡಿ ತಟ್ಟಿದರು.

ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನನಗೆ: "ಇಳ್ಸು ಬುಡು ಅಂಗಾರೆ."

ಒಪ್ಪಿದ. ಒಪ್ಪಿದ!

ಸೆಪ್ಟೆಂಬರ್ 15, ಸೋಮವಾರ. 5.50

69.8.

ಮೂರು ಸಲ ಹತ್ತಿ ಇಳಿದೆ. 69.8, 69.8, 69.8.

ಇವರನ್ನು ಎಬ್ಬಿಸಿ ತೋರಿಸಿದೆ. ಕನ್ನಡಕ ಹುಡುಕಿ, ಹಾಕಿಕೊಂಡು, ಬಗ್ಗಿ ನೋಡಿ, "ದಶಾಂಶದ ಜಾಗ ಸರಿಯಾಗಿದೆ" ಎಂದರು. ನಾನು ನಕ್ಕು ನಕ್ಕು ಮಂಚದ ಮೇಲೆ ಕೂತೆ. ಇವರು ನನ್ನ ತಲೆ ಸವರಿದರು. ಇಪ್ಪತ್ತೈದು ವರ್ಷದಲ್ಲಿ ಹಗಲು ಹೊತ್ತು ಹೀಗೆ ಸವರಿದ್ದು ನೆನಪಿಲ್ಲ.

ರಂಗಮ್ಮ ಬಂದವಳೇ ದೃಷ್ಟಿ ತೆಗೆದಳು. ಆಮೇಲೆ ಎಂದಿನಂತೆ ಮುದ್ದೆ, ಬಸ್ಸಾರು. ಹೊಸದೇನೂ ಮಾಡಲಿಲ್ಲ.

ಅಕ್ಟೋಬರ್ 12, ಭಾನುವಾರ

ಮೈಸೂರು, ಆಸ್ಪತ್ರೆ. ಕಿಡ್ನಿ ಕೊಡಲು ಒಪ್ಪಿಗೆ ನೀಡುವ ಕಮಿಟಿಯವರು ನನ್ನನ್ನು ಒಬ್ಬಳನ್ನೇ ಕೂರಿಸಿ, ಯಾರಾದರೂ ಬಲವಂತ ಮಾಡಿದರಾ ಎಂದು ಕೇಳಿದ್ದರು ಹೋದ ವಾರ. ಬಲವಂತವಾಗಿ ತಿನ್ನಿಸಿದರು ಅಂದುಬಿಡೋಣ ಅನ್ನಿಸಿತ್ತು. ಹೇಳಲಿಲ್ಲ. ನನ್ನಿಷ್ಟ ಎಂದೆ. ಸಹಿ ಹಾಕಿದೆ.

ನಾಡಿದ್ದು ಬೆಳಿಗ್ಗೆ ಆಪರೇಷನ್. ಹೆದರಿಕೆ ಇದೆ. ಆದರೂ ಕಾರಿಡಾರಿನಲ್ಲಿ ಇವರ ಜೊತೆ ಇಪ್ಪತ್ತು ಸುತ್ತು ಹಾಕಿದೆ. ಶೃತಿ ನನ್ನ ಕೂದಲಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಾಳೆ, ಆಪರೇಷನ್ನಿಗೆ ಹಾಗೇ ಹಾಕಬೇಕಂತೆ. ಶಾಂತ ನೋಡಿ, "ಇಸ್ಕೂಲಿಗೆ ಒಂಟೋಳಂಗೆ ಕಾಣ್ತೀಯ" ಎಂದ.

ನವೆಂಬರ್ 9, ಭಾನುವಾರ

ಮನೆ. ಬರೆಯಲು ಕೂತರೆ ಇನ್ನೂ ಎಡಗಡೆ ಎಳೆಯುತ್ತದೆ. ಸ್ವಲ್ಪವೇ ಬರೆಯುತ್ತೇನೆ.

ಶಾಂತನೊಳಗೆ ನನ್ನ ಕಿಡ್ನಿ ಆಪರೇಷನ್ ಟೇಬಲ್ಲಿನ ಮೇಲೇ ಕೆಲಸ ಶುರು ಮಾಡಿತಂತೆ. ಡಾಕ್ಟರು ಹೊರಗೆ ಬಂದು ಹೇಳಿದರಂತೆ. ಇವರು ಶೃತಿಯನ್ನು ಕೂರಿಸಿ ನೀರು ಕುಡಿಸಿದರಂತೆ. ನನಗೆ ನೆನಪಿರುವುದು ಗಂಟಲು ಒಣಗಿದ್ದು ಮಾತ್ರ.

ಐದನೆಯ ದಿನ ಗಾಜಿನಾಚೆಯಿಂದ ನೋಡಿದೆ ಅವನನ್ನು. ಎರಡು ವರ್ಷದ ಬೂದಿ ಬಣ್ಣ ಮುಖದಿಂದ ಹೋಗಿತ್ತು. ಕೈ ಎತ್ತಿದ. ನಾನೂ ಎತ್ತಿದೆ.

ಅವನಿಗೆ ಇನ್ನೂ ಆಸ್ಪತ್ರೆ ಪಕ್ಕದ ಬಾಡಿಗೆ ಮನೆಯೇ. ವಾರಕ್ಕೆ ಎರಡು ಟೆಸ್ಟು, ಸೋಂಕಿನ ಭಯ, ಯಾರೂ ಹತ್ತಿರ ಹೋಗುವಂತಿಲ್ಲ. ನನಗೆ ಭಾರ ಎತ್ತುವಂತಿಲ್ಲ, ಗುಡ್ಡ ಇನ್ನೂ ಬೇಡ. ಬೀದಿಯ ಕೊನೆತನಕ ನಡೆದು ಬರುತ್ತೇನೆ, ಮಗ್ಗದವರೆಲ್ಲ ಕೆಲಸ ನಿಲ್ಲಿಸಿ ಮಾತಾಡಿಸುತ್ತಾರೆ. ನೆಂಟರು ತಂದ ತಿಂಡಿ ರಂಗಮ್ಮನ ವಶ. "ಪೇಷಂಟ್‌ಗೆ ಕೊಡಂಗಿಲ್ಲ" ಎಂದು ಬಾಗಿಲಲ್ಲೇ ಇಸಿದುಕೊಳ್ಳುತ್ತಾಳೆ, ದೊಡ್ಡ ನರ್ಸಮ್ಮ.

ತೂಕ 70.4. ನೋಡಿದೆ, ಬರೆದೆ, ಮುಚ್ಚಿದೆ. ಇನ್ನು ಇದು ಬೇರೆ ಯಾರ ಸಲುವಾಗಿಯೂ ಅಲ್ಲ.

ಡಿಸೆಂಬರ್ 21, ಭಾನುವಾರ. ಬೆಳಿಗ್ಗೆ 8.30

ಮೊನ್ನೆಯಿಂದ ಗುಡ್ಡಕ್ಕೂ ಪರ್ಮಿಷನ್. ಇವತ್ತು ಅರ್ಧ ಹತ್ತಿ ಇಳಿದೆ. ಮಂಜು. ಕಾಲು ಮರೆತಿಲ್ಲ, ಉಸಿರು ಮರೆತಿದೆ. ಬರುತ್ತದೆ ನಿಧಾನವಾಗಿ. ಈಗ ಜಗುಲಿಯ ಬಿಸಿಲಲ್ಲಿ ಕೂತಿದ್ದೇನೆ. ಒಳಗೆ ರಂಗಮ್ಮ ಕಡಲೆಬೀಜ ಹುರಿಯುತ್ತಿದ್ದಾಳೆ, ಘಮಘಮ. ಒಂದು ಹಿಡಿ ಕೊಡುತ್ತಾಳೆ ಎಣಿಸಿ. ಸಾಕು.

ಶಾಂತ ಈ ವಾರ ಊರಿಗೆ ಬರುತ್ತಾನೆಂದು ಶೃತಿ ಹೇಳಿದ್ದಳು. ದಿನ ಹೇಳಲಿಲ್ಲ. ಎರಡು ತಿಂಗಳಾಯಿತು ಹತ್ತಿರದಿಂದ ನೋಡಿ. ಬಂದರೂ ಮೊದಲು ಮಾಂಬಳ್ಳಿಗೆ ಹೋಗುತ್ತಾನೋ ಏನೋ…

ಬೀದಿಯ ಆ ತುದಿಯಲ್ಲಿ ಯಾರೋ ಬರುತ್ತಿದ್ದಾರೆ. ಮಾಸ್ಕ್ ಹಾಕಿದ್ದಾರೆ, ಮುಖ ಕಾಣುತ್ತಿಲ್ಲ. ಕಾಲು ಎಳೆಯದೆ, ಎಲ್ಲೂ ನಿಲ್ಲದೆ, ಇಷ್ಟು ಬೀಸಾಗಿ ನಡೆಯುವವರು ಈ ಬೀದಿಯಲ್ಲಿ ಯಾರು… ಅಯ್ಯೋ, ಆ ನಡಿಗೆ! ಹೈಸ್ಕೂಲಿಗೆ ಹೋಗುವಾಗ ನಮ್ಮ ಶಾಂ—